ಜಗಳದ ಮಾತಾಗಿರುವ ಎರಡು ಕಾಯಿಲೆಗಳು: ನಾರ್ಸಿಸಿಸ್ಟಿಕ್ ಮತ್ತು ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷಗಳ ಕುರಿತು

ಮನೋವೈದ್ಯರ ಕಡತಗಳಲ್ಲಷ್ಟೇ ಕಾಣುತ್ತಿದ್ದ ಎರಡು ಹೆಸರುಗಳು ಈಚಿನ ವರ್ಷಗಳಲ್ಲಿ ಮನೆಜಗಳದ ಮಾತುಗಳಾಗಿವೆ. ತನ್ನದೇ ನಡೆಯಬೇಕೆನ್ನುವ ಗಂಡ, ಸೊಸೆಯನ್ನು ಹೊಗಳಿದರೆ ಮುಖ ಗಂಟಿಕ್ಕುವ ಅತ್ತೆ, ಕೈಕೆಳಗಿನವರ ಕೆಲಸವನ್ನು ತನ್ನದೆಂದು ತೋರಿಸಿಕೊಳ್ಳುವ ಮ್ಯಾನೇಜರ್ ಇವರೆಲ್ಲರಿಗೂ ‘ನಾರ್ಸಿಸಿಸ್ಟ್’ ಎಂಬ ಒಂದೇ ಹೆಸರು ಸಾಕಾಗುತ್ತಿದೆ. ಸಣ್ಣ ಮಾತಿಗೆ ಅತ್ತು ಕೂಗಾಡುವವರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ‘ಬಾರ್ಡರ್‌ಲೈನ್ ಕೇಸ್’ ಎಂದುಬಿಡುವುದೂ ರೂಢಿಯಾಗುತ್ತಿದೆ. ಒಂದು ನಿಮಿಷದ ರೀಲ್ಸ್ ನೋಡಿ ಸಂಗಾತಿಯ ಕಾಯಿಲೆ ಪತ್ತೆ ಹಚ್ಚಿದವರು ಆ ವಿಡಿಯೊವನ್ನು ಮನೆಯ ವಾಟ್ಸ್ಆ್ಯಪ್ ಗುಂಪಿಗೂ ಕಳಿಸುತ್ತಾರೆ. ಹೀಗೆ ಕಳಿಸುವವರ ನೋವು ಬಹುಪಾಲು ನಿಜವಾದದ್ದೇ. ಅದನ್ನು ಲಘುವಾಗಿ ಕಾಣುವುದು ಈ ಲೇಖನದ ಉದ್ದೇಶವಲ್ಲ. ಆದರೆ ಕಾಯಿಲೆಯ ಹೆಸರು ಇರುವುದು ಅದರಿಂದ ನರಳುತ್ತಿರುವವರಿಗೆ ಸರಿಯಾದ ಚಿಕಿತ್ಸೆ ಸಿಗಲೆಂದೇ ಹೊರತು, ಅವರ ನಡತೆಯ ಬಗ್ಗೆ ತೀರ್ಪು ಕೊಡಲೆಂದಲ್ಲ. ಇನ್ನೊಬ್ಬರ ಹಿಂಸೆಯಿಂದ ತಪ್ಪಿಸಿಕೊಳ್ಳಲು ಹಿಂಸೆ ಕೊಡುವವರಿಗೆ ಕಾಯಿಲೆಯಿದೆಯೆಂದು ಸಾಬೀತಾಗಬೇಕಾಗಿಯೂ ಇಲ್ಲ. ಈ ಎರಡು ವಿಷಯಗಳನ್ನು ಒಂದರಲ್ಲೊಂದು ಬೆರೆಸಿಬಿಟ್ಟಿರುವುದರಿಂದ ಇಬ್ಬರಿಗೂ ನಷ್ಟವಾಗುತ್ತಿದೆ.

ಖಿನ್ನತೆಯೋ ಆತಂಕವೋ ಬಂದಾಗ ‘ಮೊದಲು ಹೀಗಿರಲಿಲ್ಲ’ ಎಂದು ಮನೆಯವರು ಹೇಳುತ್ತಾರೆ. ವ್ಯಕ್ತಿತ್ವ ದೋಷದಲ್ಲಿ ಅವರು ಹೇಳುವುದು ‘ಮೊದಲಿನಿಂದಲೂ ಹೀಗೆಯೇ’ ಎಂದು. ತನ್ನನ್ನು ತಾನು ಕಾಣುವ, ಇತರರೊಡನೆ ನಡೆದುಕೊಳ್ಳುವ, ಭಾವನೆಗಳನ್ನು ನಿಭಾಯಿಸುವ ರೀತಿಯೇ ಹದಿಹರೆಯದಿಂದ ಅಥವಾ ಯೌವನದ ಆರಂಭದಿಂದ ಒಂದು ಜಾಡಿಗೆ ಬಿದ್ದು, ಮನೆ, ಕೆಲಸ, ಸ್ನೇಹ ಎಲ್ಲ ಕಡೆಯೂ ಅದೇ ಜಾಡು ಮರುಕಳಿಸುತ್ತ, ಅದರಿಂದ ಗಣನೀಯ ಸಂಕಟ ಅಥವಾ ಬದುಕಿನ ಏರುಪೇರು ಉಂಟಾದಾಗ ಮಾತ್ರ ವೈದ್ಯರು ಈ ಹೆಸರನ್ನು ಬಳಸುತ್ತಾರೆ. ಅತ್ತೆಯೊಡನೆ ಮಾತ್ರ ಒರಟಾಗಿದ್ದು ಉಳಿದೆಲ್ಲರೊಡನೆ ಸಲೀಸಾಗಿರುವ ಸೊಸೆಗಾಗಲಿ, ಮಧ್ಯವಯಸ್ಸಿನಲ್ಲಿ ಸಾಲದ ಹೊರೆ ಬಿದ್ದ ಮೇಲೆ ಸಿಡುಕನಾದ ಗಂಡಸಿಗಾಗಲಿ ಇದು ಹೊಂದುವುದಿಲ್ಲ.

ಎರಡೂ ಕಾಯಿಲೆಗಳಿಗೆ ಈಗಿನ ರೂಪ ಸಿಕ್ಕಿದ್ದು 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯ ಮೂರನೆಯ ಆವೃತ್ತಿಯಾದ ಡಿಎಸ್ಎಂ-3ರಲ್ಲಿ ಇವನ್ನು ಸೇರಿಸಿದಾಗ. ಅದಕ್ಕೂ ಹಿಂದೆ, 1938ರಲ್ಲಿ, ಅಡಾಲ್ಫ್ ಸ್ಟರ್ನ್ ಎಂಬ ಮನೋವಿಶ್ಲೇಷಕ ಆತಂಕದಂಥ ಸೌಮ್ಯ ಮನೋಬೇನೆಯೆಂದೂ (ನ್ಯೂರೋಸಿಸ್) ಹೇಳಲಾಗದ, ವಾಸ್ತವದ ಅರಿವು ತಪ್ಪುವ ಚಿತ್ತವಿಕಲತೆಯೆಂದೂ (ಸೈಕೋಸಿಸ್) ಹೇಳಲಾಗದ ರೋಗಿಗಳ ಒಂದು ಗುಂಪನ್ನು ‘ಗಡಿಯಲ್ಲಿರುವವರು’ ಎಂದು ಕರೆದಿದ್ದ. ಆ ಗಡಿಯ ಕಲ್ಪನೆಯನ್ನು ವೈದ್ಯಶಾಸ್ತ್ರ ಎಂದೋ ಕೈಬಿಟ್ಟಿದೆ, ಹೆಸರು ಮಾತ್ರ ಉಳಿದುಕೊಂಡಿದೆ. ಈಗಿನ ಡಿಎಸ್ಎಂ-5 ಪ್ರತಿಯೊಂದಕ್ಕೂ ಒಂಬತ್ತು ಲಕ್ಷಣಗಳನ್ನು ಕೊಡುತ್ತದೆ. ಅವುಗಳಲ್ಲಿ ಕನಿಷ್ಠ ಐದು ಇರಬೇಕು. ಇಲ್ಲೊಂದು ವಿಚಿತ್ರವಿದೆ. ಒಂಬತ್ತರಲ್ಲಿ ಐದು ಅಥವಾ ಹೆಚ್ಚು ಎಂಬ ಲೆಕ್ಕದಲ್ಲಿ 256 ಬಗೆಯ ಜೋಡಣೆಗಳು ಸಾಧ್ಯ. ಒಂದೇ ಹೆಸರು ಹೊತ್ತ ಇಬ್ಬರಲ್ಲಿ ಒಂದೇ ಒಂದು ಲಕ್ಷಣ ಮಾತ್ರ ಸಮಾನವಾಗಿರಲೂಬಹುದು. ‘ಏಳು ಲಕ್ಷಣಗಳಿಂದ ಗುರುತಿಸಿ’ ಎನ್ನುವ ವಿಡಿಯೊ ಎಷ್ಟು ಗುರುತಿಸಬಲ್ಲದು ಎಂಬುದನ್ನು ಇಷ್ಟರಿಂದಲೇ ಊಹಿಸಬಹುದು.

ಈ ತೊಡಕು ಗೊತ್ತಿದ್ದೇ ವಿಶ್ವ ಆರೋಗ್ಯ ಸಂಸ್ಥೆ ತನ್ನ ಹೊಸ ವರ್ಗೀಕರಣದಲ್ಲಿ, ಅಂದರೆ 2022ರ ಜನವರಿಯಿಂದ ಜಾರಿಯಲ್ಲಿರುವ ಐಸಿಡಿ-11ರಲ್ಲಿ, ಹಳೆಯ ಹೆಸರುಗಳ ಪಟ್ಟಿಯನ್ನೇ ತೆಗೆದುಹಾಕಿತು. ಈಗ ವೈದ್ಯರು ಮೊದಲು ನೋಡಬೇಕಾದದ್ದು ದೋಷದ ತೀವ್ರತೆಯನ್ನು: ಸೌಮ್ಯವೇ, ಮಧ್ಯಮವೇ, ತೀವ್ರವೇ. ಬಳಿಕ ಬೇಕಾದರೆ ಎದ್ದು ಕಾಣುವ ಗುಣಗಳನ್ನು ಸೇರಿಸಬಹುದು. ‘ಬಾರ್ಡರ್‌ಲೈನ್ ಮಾದರಿ’ ಎಂಬ ಒಂದು ಟಿಪ್ಪಣಿ ಮಾತ್ರ ಉಳಿದಿದೆ. ನಾರ್ಸಿಸಿಸ್ಟಿಕ್ ವ್ಯಕ್ತಿತ್ವ ದೋಷ ಎಂಬ ಪ್ರತ್ಯೇಕ ಕಾಯಿಲೆ ಆ ಪುಸ್ತಕದಲ್ಲಿ ಇಲ್ಲ. ಜಗತ್ತೆಲ್ಲ ಆ ಮಾತನ್ನು ಆಡತೊಡಗಿದ ಹೊತ್ತಿಗೇ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಿಂದ ಅದು ಹೊರಬಿದ್ದದ್ದು ತಮಾಷೆಯಾಗಿದೆ.

ಇನ್ನು ಬಾರ್ಡರ್‌ಲೈನ್ ದೋಷದ ಒಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬೆಂಗಳೂರಿನ ಪಿ.ಜಿ.ಯೊಂದರಲ್ಲಿರುವ ಇಪ್ಪತ್ತೆರಡರ ಹುಡುಗಿ ಎಂದಿಟ್ಟುಕೊಳ್ಳಿ. ಇದು ಯಾರೋ ಒಬ್ಬರ ಕಥೆಯಲ್ಲ, ಲಕ್ಷಣಗಳನ್ನು ಕೂಡಿಸಿ ಕಟ್ಟಿದ ಉದಾಹರಣೆ. ಸಂಜೆ ಏಳಕ್ಕೆ ಗೆಳೆಯನಿಗೆ ಮೆಸೇಜ್ ಹಾಕಿದ್ದಾಳೆ. ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ. ನಮ್ಮ ನಿಮ್ಮಲ್ಲಿ ಇದು ಕಿರಿಕಿರಿಯಷ್ಟೇ. ಅವಳಿಗೆ ಅದು ‘ಬಿಟ್ಟುಹೋದ’ ಎಂಬ ಖಚಿತ ಸುದ್ದಿ. ಎಂಟರ ಹೊತ್ತಿಗೆ ಮೇಲಿಂದ ಮೇಲೆ ಫೋನು. ಒಂಬತ್ತಕ್ಕೆ ‘ನಿನ್ನಂಥ ಕಟುಕನನ್ನು ನಂಬಿದ್ದೇ ತಪ್ಪು’ ಎಂಬ ಮೆಸೇಜ್. ಹತ್ತಕ್ಕೆ ಅದನ್ನು ಅಳಿಸಿ, ‘ನಾನು ಕೆಟ್ಟವಳು, ನನ್ನನ್ನು ಬಿಡಬೇಡ’ ಎಂಬ ಬೇಡಿಕೆ. ಹನ್ನೊಂದಕ್ಕೆ ಎದೆಯೊಳಗಿನ ಉರಿ ತಡೆಯಲಾರದೆ ತನ್ನ ಮೈಗೇ ಗಾಯ ಮಾಡಿಕೊಂಡಿದ್ದಾಳೆ. ಗೆಳೆಯ ಮೀಟಿಂಗಿನಲ್ಲಿದ್ದ. ಮರುದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಆಕೆ ನಗುನಗುತ್ತಾ ಊಟ ಮಾಡುತ್ತಿರುವುದನ್ನು ಕಂಡವರು ‘ನಿನ್ನೆಯದೆಲ್ಲ ನಾಟಕ’ ಎನ್ನುತ್ತಾರೆ.

ನಾಟಕವಲ್ಲ. ಈ ದೋಷದ ತಿರುಳೇ ಭಾವನೆಗಳ ವೇಗ ಮತ್ತು ತೀವ್ರತೆ: ಅವು ಬೇಗ ಹತ್ತಿಕೊಳ್ಳುತ್ತವೆ, ಹೆಚ್ಚು ಉರಿಯುತ್ತವೆ, ಆರಲು ಹೆಚ್ಚು ಹೊತ್ತು ಹಿಡಿಯುತ್ತದೆ. ಬಿಟ್ಟುಹೋಗುವರೆಂಬ ಭಯ, ಒಬ್ಬರನ್ನೇ ಬೆಳಿಗ್ಗೆ ದೇವರೆಂದೂ ಸಂಜೆ ದ್ರೋಹಿಯೆಂದೂ ಕಾಣುವುದು, ‘ನಾನು ಯಾರು’ ಎಂಬುದರಲ್ಲೇ ನೆಲೆಯಿಲ್ಲದಿರುವುದು, ಒಳಗೆ ಏನೂ ಇಲ್ಲವೆನ್ನುವ ಖಾಲಿತನ, ಹಿಂದುಮುಂದು ನೋಡದ ದುಡುಕು ಇವೆಲ್ಲ ಆ ಬೆಂಕಿಯ ಸುತ್ತಲೇ ಇರುತ್ತವೆ. ತೀವ್ರ ಒತ್ತಡದಲ್ಲಿ ಕೆಲವು ಹೊತ್ತು ವಿಪರೀತ ಸಂಶಯವೋ, ತಾನು ತನ್ನಿಂದಲೇ ದೂರ ನಿಂತಂಥ ಅನುಭವವೋ ಆಗಬಹುದು. ತಮಗೆ ತಾವೇ ಗಾಯ ಮಾಡಿಕೊಳ್ಳುವುದು ಬಹಳಷ್ಟು ಸಲ ಇನ್ನೊಬ್ಬರನ್ನು ಬಗ್ಗಿಸಲು ಮಾಡಿದ್ದಲ್ಲ, ತಡೆಯಲಾರದ ಸಂಕಟವನ್ನು ಆ ಕ್ಷಣಕ್ಕೆ ಇಳಿಸಿಕೊಳ್ಳಲು ಮಾಡಿದ್ದು. ‘ಇವರು ಬರೀ ಹೆದರಿಸುತ್ತಾರೆ’ ಎನ್ನುವ ಮಾತು ಅಪಾಯಕಾರಿ: ಅಮೆರಿಕದ ಮೆಕ್ಲೀನ್ ಆಸ್ಪತ್ರೆಯ ರೋಗಿಗಳನ್ನು 24 ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ ಈ ದೋಷವಿದ್ದವರಲ್ಲಿ ಸುಮಾರು ನೂರಕ್ಕೆ ಆರು ಮಂದಿ ಆತ್ಮಹತ್ಯೆಯಿಂದ ತೀರಿಕೊಂಡಿದ್ದರು. ಅಂಥ ಹೊತ್ತಿನಲ್ಲಿ ಕರೆ ಮಾಡಬಹುದಾದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ, ಕನ್ನಡದಲ್ಲೂ ಲಭ್ಯವಿದೆ.

ಇದನ್ನು ಉನ್ಮಾದವೂ ಖಿನ್ನತೆಯೂ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆಯೆಂದು ತಪ್ಪು ತಿಳಿಯುವುದು ಸಾಮಾನ್ಯ. ವ್ಯತ್ಯಾಸ ಹೇಳಲು ಗಡಿಯಾರ ಬಹಳ ಉಪಕಾರಿ. ಬೈಪೋಲಾರ್‌ನಲ್ಲಿ ಉನ್ಮಾದ ಎನ್ನಲು ಕನಿಷ್ಠ ಒಂದು ವಾರ, ಅದರ ಸೌಮ್ಯರೂಪಕ್ಕೆ ಕನಿಷ್ಠ ನಾಲ್ಕು ದಿನ ಆ ಸ್ಥಿತಿ ಇರಬೇಕು. ಬಾರ್ಡರ್‌ಲೈನ್‌ನಲ್ಲಿ ಮನಸ್ಸು ಗಂಟೆಗಳಲ್ಲಿ ಏರಿಳಿಯುತ್ತದೆ, ಅದಕ್ಕೆ ಬಹುತೇಕ ಯಾವುದೋ ಸಂಬಂಧದ ಒಂದು ಘಟನೆ ಕಾರಣವಾಗಿರುತ್ತದೆ. ಇಷ್ಟನ್ನು ಕೇಳಿ ತಿಳಿದುಕೊಳ್ಳುವಷ್ಟು ಸಮಯ ಸಿಗದ ಒಪಿಡಿಯಲ್ಲಿ ಮಾತ್ರೆಗಳ ಪಟ್ಟಿ ಬೆಳೆಯುತ್ತದೆ.

ಕಾರಣಗಳ ವಿಷಯದಲ್ಲಿ ಮನೋವಿಜ್ಞಾನಿ ಮಾರ್ಷಾ ಲೈನ್‌ಹ್ಯಾನ್ ಅವರ ವಿವರಣೆ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಹುಟ್ಟಿನಿಂದಲೇ ಭಾವನೆಗಳು ಚುರುಕಾಗಿರುವ ಮಗು, ಅದರ ಭಾವನೆಗಳನ್ನು ಸುಳ್ಳೆಂದು ತಳ್ಳಿಹಾಕುವ ಪರಿಸರ ಇವೆರಡೂ ವರ್ಷಗಟ್ಟಲೆ ಪರಸ್ಪರ ತಾಗುತ್ತಾ ಹೋದಾಗ ಈ ಸ್ಥಿತಿ ಬೆಳೆಯುತ್ತದೆ ಎನ್ನುತ್ತಾರೆ ಅವರು. ‘ಇಷ್ಟಕ್ಕೆಲ್ಲ ಯಾರಾದರೂ ಅಳ್ತಾರಾ?’ ಎಂದು ದಿನವೂ ಕೇಳಿಸಿಕೊಂಡ ಮಗು ತನ್ನ ನೋವು ನೋವೇ ಎಂದು ನಂಬುವುದನ್ನು ಮರೆಯುತ್ತದೆ. ಮೆಲ್ಲಗೆ ಹೇಳಿದರೆ ಯಾರೂ ಕೇಳುವುದಿಲ್ಲ, ಕಿರುಚಿದರೆ ಮಾತ್ರ ಕೇಳುತ್ತಾರೆ ಎಂಬುದನ್ನೂ ಕಲಿಯುತ್ತದೆ. ಬಾಲ್ಯದ ದೌರ್ಜನ್ಯ, ನಿರ್ಲಕ್ಷ್ಯ ಈ ರೋಗಿಗಳ ಹಿನ್ನೆಲೆಯಲ್ಲಿ ಬಹಳ ಸಲ ಕಾಣುತ್ತವೆ, ಎಲ್ಲರಲ್ಲೂ ಅಲ್ಲ. ಅನುವಂಶೀಯತೆಯ ಪಾಲೂ ಸಣ್ಣದಲ್ಲ. ಆದ್ದರಿಂದ ತಂದೆತಾಯಿಯರನ್ನು ಕಟಕಟೆಯಲ್ಲಿ ನಿಲ್ಲಿಸುವುದು ಅವಸರದ ಕೆಲಸ.

ನಾರ್ಸಿಸಿಸ್ಟಿಕ್ ದೋಷದ ಮಾತಿಗೆ ಬಂದರೆ, ರೀಲ್ಸ್‌ಗಳಲ್ಲಿ ಕಾಣುವ ಆಸಾಮಿ ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿ ಹೆಣೆಯುವ ಕ್ರೂರಿ. ಕ್ಲಿನಿಕ್ಕಿಗೆ ಬರುವ ಮನುಷ್ಯ ಬೇರೆಯೇ ತರಹ. ತಾನು ಎಲ್ಲರಿಗಿಂತ ಮಿಗಿಲೆಂಬ ಭಾವ, ಹೊಗಳಿಕೆಯ ಹಸಿವು, ತನಗೆ ವಿಶೇಷ ಸವಲತ್ತು ಸಲ್ಲಬೇಕೆಂಬ ನಿರೀಕ್ಷೆ, ಇತರರನ್ನು ಬಳಸಿಕೊಳ್ಳುವುದು, ಅವರ ನೋವಿಗೆ ಮಿಡಿಯದಿರುವುದು, ಅಸೂಯೆ, ದರ್ಪ ಇವೆಲ್ಲ ಪಟ್ಟಿಯಲ್ಲಿವೆ, ನಿಜ. ಆದರೆ ಈ ಮೇಲುಮೇಲಿನ ಹಿರಿಮೆ ನಿಂತಿರುವುದು ಬಹಳ ತೆಳುವಾದ ಆತ್ಮಗೌರವದ ಮೇಲೆ. ಅದು ದಿನವೂ ಹೊರಗಿನಿಂದ ಬರುವ ಮೆಚ್ಚುಗೆಯಿಂದಲೇ ನಡೆಯಬೇಕು. ಬಡ್ತಿ ಕೈತಪ್ಪಿದಾಗ, ಹೆಂಡತಿ ಬಿಟ್ಟುಹೋದಾಗ, ವಯಸ್ಸು ರೂಪವನ್ನು ಕಸಿದಾಗ ಆ ಮೆಚ್ಚುಗೆ ನಿಲ್ಲುತ್ತದೆ, ಅವಮಾನ ನುಗ್ಗುತ್ತದೆ. ಅವರು ವೈದ್ಯರ ಬಳಿ ಬರುವುದು ಆಗಲೇ, ಅದೂ ‘ಖಿನ್ನತೆ’ ಎಂದುಕೊಂಡು ಅಥವಾ ಕುಡಿತದ ಕಾರಣಕ್ಕೆ. ಇಂಥವರಲ್ಲಿ ಸದ್ದಿಲ್ಲದ ಇನ್ನೊಂದು ಬಗೆಯೂ ಇದೆ: ದರ್ಪ ತೋರದೆ, ಮುದುಡಿಕೊಂಡು, ‘ನನ್ನ ಯೋಗ್ಯತೆಯನ್ನು ಯಾರೂ ಗುರುತಿಸಲಿಲ್ಲ’ ಎಂಬ ಕೊರಗನ್ನು ಒಳಗೇ ಬೆಳೆಸಿಕೊಂಡವರು. ಸಭೆಯಲ್ಲಿ ಅವರನ್ನು ವಿನಯವಂತರೆಂದೇ ತಿಳಿದಿರುತ್ತಾರೆ.

ಇಂಥ ಗುಣ ಬೆಳೆಯುವುದು ಹೇಗೆಂಬ ಬಗ್ಗೆ ನೆದರ್ಲೆಂಡ್ಸ್‌ನಲ್ಲಿ 7ರಿಂದ 11 ವಯಸ್ಸಿನ 565 ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ಗಮನಾರ್ಹ. ‘ನನ್ನ ಮಗು ಉಳಿದ ಮಕ್ಕಳಿಗಿಂತ ಶ್ರೇಷ್ಠ, ಅದಕ್ಕೆ ವಿಶೇಷವಾದದ್ದೇ ಸಲ್ಲಬೇಕು’ ಎಂಬ ಧೋರಣೆಯ ಪೋಷಕರ ಮಕ್ಕಳಲ್ಲಿ ಮುಂದೆ ಈ ಗುಣ ಹೆಚ್ಚು ಕಂಡಿತು. ಪ್ರೀತಿ, ಬೆಚ್ಚನೆಯ ಒಡನಾಟ ಸಿಕ್ಕ ಮಕ್ಕಳಲ್ಲಿ ಬೆಳೆದದ್ದು ಸಹಜ ಆತ್ಮಗೌರವ. ಅಳೆದದ್ದು ಗುಣವನ್ನೇ ಹೊರತು ಕಾಯಿಲೆಯನ್ನಲ್ಲ ಎಂಬುದನ್ನು ನೆನಪಿಡಬೇಕು.

ಗುಣ ಮತ್ತು ಕಾಯಿಲೆಯ ನಡುವಿನ ಈ ಅಂತರವನ್ನು ಅಮೆರಿಕದ ಮನೋವೈದ್ಯ ಅಲೆನ್ ಫ್ರಾನ್ಸಿಸ್ 2017ರಲ್ಲಿ ಬಹಿರಂಗವಾಗಿ ಹೇಳಬೇಕಾಯಿತು. ಆಗ ಅಧ್ಯಕ್ಷರಾಗಿದ್ದ ಡೊನಾಲ್ಡ್ ಟ್ರಂಪ್ ಅವರಿಗೆ ಈ ದೋಷವಿದೆಯೆಂದು ಹಲವು ತಜ್ಞರು ದೂರದಿಂದಲೇ ಹೇಳುತ್ತಿದ್ದಾಗ, ಡಿಎಸ್ಎಂ-4ರ ಸಮಿತಿಯ ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್, ಈ ದೋಷದ ಮಾನದಂಡಗಳನ್ನು ಬರೆದವನೇ ನಾನು, ಅವರಲ್ಲಿ ಕಾಯಿಲೆಗೆ ಬೇಕಾದ ಸಂಕಟವಾಗಲಿ ಬದುಕಿನ ಏರುಪೇರಾಗಲಿ ಇಲ್ಲ ಎಂದು ನ್ಯೂಯಾರ್ಕ್ ಟೈಮ್ಸ್‌ಗೆ ಪತ್ರ ಬರೆದರು. ಅವರು ಟ್ರಂಪ್ ಬೆಂಬಲಿಗರಲ್ಲ, ಕಟು ಟೀಕಾಕಾರರು. ಕೆಟ್ಟ ನಡತೆಗೆ ಕಾಯಿಲೆಯ ಹೆಸರಿಡುವುದು ನಿಜವಾಗಿ ಕಾಯಿಲೆಯಿರುವವರಿಗೆ ಮಾಡುವ ಅವಮಾನ ಎಂಬುದು ಅವರ ತಕರಾರು. ಪರೀಕ್ಷಿಸದ ವ್ಯಕ್ತಿಯ ಬಗ್ಗೆ ಇಂಥ ಅಭಿಪ್ರಾಯ ಕೊಡಬಾರದೆಂಬ ನಿಯಮವನ್ನು ಅಲ್ಲಿನ ಮನೋವೈದ್ಯರ ಸಂಘ 1973ರಲ್ಲೇ ಮಾಡಿಕೊಂಡಿತ್ತು. ವೈದ್ಯರಿಗೇ ಇಲ್ಲದ ಅಧಿಕಾರವನ್ನು ನಾವು ಸೋದರಮಾವನ ವಿಷಯದಲ್ಲಿ ಸಲೀಸಾಗಿ ವಹಿಸಿಕೊಳ್ಳುತ್ತಿದ್ದೇವೆ.

ಎರಡು ದೋಷಗಳೂ ಒಬ್ಬರಲ್ಲೇ ಇರುವುದುಂಟು, ಎರಡರಲ್ಲೂ ಕೋಪವಿದೆ, ಟೀಕೆಯನ್ನು ಎರಡು ದೋಷದವರೂ ತಡೆದುಕೊಳ್ಳಲಾರರು. ಆದರೂ ಭಯದ ದಿಕ್ಕು ಬೇರೆ. ಬಾರ್ಡರ್‌ಲೈನ್ ದೋಷದವರಿಗೆ ಜನರನ್ನು ಕಳೆದುಕೊಳ್ಳುವ ಭಯ, ನಾರ್ಸಿಸಿಸ್ಟಿಕ್ ದೋಷದವರಿಗೆ ಜನರ ಕಣ್ಣಲ್ಲಿ ತಮ್ಮ ಸ್ಥಾನವನ್ನು ಕಳೆದುಕೊಳ್ಳುವ ಭಯ. ಬಾರ್ಡರ್‌ಲೈನ್ ಹೆಂಗಸರ ಕಾಯಿಲೆ, ನಾರ್ಸಿಸಿಸಂ ಗಂಡಸರ ಕಾಯಿಲೆ ಎಂಬ ನಂಬಿಕೆಯನ್ನೂ ಅನುಮಾನದಿಂದಲೇ ನೋಡಬೇಕು. ಆಸ್ಪತ್ರೆಗಳಲ್ಲಿ ಬಾರ್ಡರ್‌ಲೈನ್ ಎಂದು ದಾಖಲಾಗುವವರಲ್ಲಿ ಹೆಂಗಸರು ಬಹಳ ಹೆಚ್ಚು, ಆದರೆ ಜನಸಮುದಾಯದ ನಡುವೆ ನಡೆಸಿದ ಸಮೀಕ್ಷೆಗಳಲ್ಲಿ ಆ ಅಂತರ ಬಹುಮಟ್ಟಿಗೆ ಇಲ್ಲವಾಗುತ್ತದೆ. ಅದೇ ಸಿಟ್ಟು, ಅದೇ ದುಡುಕು ಗಂಡಸಿನಲ್ಲಿ ಕಂಡರೆ ಅವನು ಕುಡಿತ ಬಿಡಿಸುವ ಕೇಂದ್ರಕ್ಕೋ ಪೊಲೀಸ್ ಠಾಣೆಗೋ ಹೋಗುತ್ತಾನೆ, ಮನೋವೈದ್ಯರ ಬಳಿಗೆ ಬರುವುದು ಕಡಿಮೆ.

ಈ ಹೆಸರುಗಳು ವಕೀಲರ ಕೈಗೆ ಹೋದಾಗ ಏನಾಗುತ್ತದೆ ಎಂಬುದು ನಮ್ಮ ನಡುವೆ ಇನ್ನಷ್ಟು ಚರ್ಚೆಯಾಗಬೇಕಾದ ವಿಷಯ. ಹಿಂದೂ ವಿವಾಹ ಕಾಯ್ದೆಯ 13ನೇ ಕಲಮು ಮಾನಸಿಕ ಅಸ್ವಸ್ಥತೆಯನ್ನು ವಿಚ್ಛೇದನಕ್ಕೆ ಒಂದು ಆಧಾರವೆಂದು ಹೇಳುತ್ತದೆ. ಅಸಹಜ ಆಕ್ರಮಣಶೀಲತೆಗೆ ಅಥವಾ ಗಂಭೀರ ಬೇಜವಾಬ್ದಾರಿಗೆ ಎಡೆಮಾಡುವ ದೀರ್ಘಕಾಲದ ಮನೋದೋಷವನ್ನೂ ಅದು ಒಳಗೊಳ್ಳುತ್ತದೆ. ವ್ಯಕ್ತಿತ್ವ ದೋಷವನ್ನು ವಾದದೊಳಗೆ ತರಲು ಇಷ್ಟು ಎಡೆ ಸಾಕು. ಆದರೆ ಕಾಯಿಲೆಯ ಹೆಸರು ಹೇಳಿದ ಮಾತ್ರಕ್ಕೆ ವಿಚ್ಛೇದನವಿಲ್ಲ, ಕೂಡಿ ಬಾಳುವುದನ್ನು ನ್ಯಾಯವಾಗಿ ನಿರೀಕ್ಷಿಸಲಾಗದಷ್ಟು ಅದರ ಪ್ರಮಾಣವಿರಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಸ್ಪಷ್ಟಪಡಿಸಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಯಾರಿಗಾದರೂ ಮಾನಸಿಕ ಕಾಯಿಲೆಯಿದೆ ಎಂಬುದರಿಂದಲೇ ಅವರನ್ನು ಬುದ್ಧಿಸ್ವಾಧೀನವಿಲ್ಲದವರೆಂದು ತಿಳಿಯಬಾರದು ಎನ್ನುತ್ತದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣೆಯ 2005ರ ಕಾಯ್ದೆಯಂತೂ ಹೊಡೆತದ ಜೊತೆಗೆ ಬೈಗುಳ, ಅವಮಾನ, ಭಾವನಾತ್ಮಕ ಕಿರುಕುಳ, ಹಣದ ಹಿಡಿತ ಎಲ್ಲವನ್ನೂ ಹಿಂಸೆಯೆಂದೇ ಪರಿಗಣಿಸುತ್ತದೆ. ಅದರಡಿ ರಕ್ಷಣೆ ಕೇಳುವ ಹೆಣ್ಣುಮಗಳು ಗಂಡ ನಾರ್ಸಿಸಿಸ್ಟ್ ಎಂದು ತೋರಿಸಬೇಕಾಗಿಲ್ಲ. ಅವನು ಏನು ಮಾಡಿದ, ಯಾವಾಗ ಮಾಡಿದ ಎಂದು ಹೇಳಬೇಕು. ಗಂಡನ ಮನಸ್ಸನ್ನು ವಿವರಿಸುವ ವಿಡಿಯೊಗಳನ್ನು ತಿಂಗಳುಗಟ್ಟಲೆ ನೋಡುತ್ತಾ ಕೂರುವುದಕ್ಕಿಂತ, ನಡೆದದ್ದನ್ನು ತಾರೀಖು ಸಮೇತ ಒಂದು ಪುಸ್ತಕದಲ್ಲಿ ಬರೆದಿಡುವುದು ಅವಳಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಚಿಕಿತ್ಸೆಯ ವಿಷಯದಲ್ಲಿ ಜನರ ನಂಬಿಕೆಗೂ ಅಧ್ಯಯನಗಳು ಹೇಳುವುದಕ್ಕೂ ಇರುವ ದೂರ ಇನ್ನೆಲ್ಲೂ ಇಷ್ಟಿಲ್ಲ. ಬಾರ್ಡರ್‌ಲೈನ್ ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಜಾತಿಯದೆಂದು ಕೆಲವು ವೈದ್ಯರೂ ನಂಬಿದ್ದ ಕಾಲವಿತ್ತು. ಮೇಲೆ ಹೇಳಿದ ಮೆಕ್ಲೀನ್ ಅಧ್ಯಯನದಲ್ಲಿ ಮೇರಿ ಝನಾರಿನಿ ಮತ್ತು ಸಂಗಡಿಗರು ಆಸ್ಪತ್ರೆ ಸೇರಿದ್ದ 290 ರೋಗಿಗಳನ್ನು ಹಿಂಬಾಲಿಸಿದರು. ಹತ್ತು ವರ್ಷಗಳಲ್ಲಿ ಅವರಲ್ಲಿ ನೂರಕ್ಕೆ 93 ಮಂದಿ, ಕನಿಷ್ಠ ಎರಡು ವರ್ಷಗಳ ಕಾಲ, ಕಾಯಿಲೆಯ ಮಾನದಂಡಗಳನ್ನೇ ಮುಟ್ಟದ ಸ್ಥಿತಿಗೆ ಬಂದಿದ್ದರು. ಕೆಲಸ, ಸ್ನೇಹ, ಸಂಬಂಧ ಎಲ್ಲವೂ ಕೂಡಿಬಂದ ಪೂರ್ಣ ಚೇತರಿಕೆ ಕಂಡವರು ಅರ್ಧದಷ್ಟು. ಲಕ್ಷಣಗಳು ಹೋಗುತ್ತವೆ, ಬದುಕು ಕಟ್ಟಿಕೊಳ್ಳುವುದು ಮಾತ್ರ ನಿಧಾನ.

ಈ ದೋಷಕ್ಕೆಂದೇ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿದ ಒಂದು ಮಾತ್ರೆಯೂ ಇಲ್ಲ. ಜೊತೆಗಿರುವ ಖಿನ್ನತೆಗೋ ಆತಂಕಕ್ಕೋ ಔಷಧ ಕೊಡಬಹುದು, ಮುಖ್ಯ ಚಿಕಿತ್ಸೆ ಮಾತಿನದು. ಲೈನ್‌ಹ್ಯಾನ್ ರೂಪಿಸಿದ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಅಂದರೆ ಡಿಬಿಟಿ, ಅವುಗಳಲ್ಲಿ ಹೆಚ್ಚು ಪರೀಕ್ಷೆಗೊಳಗಾದದ್ದು. ಹದಿಹರೆಯದಲ್ಲಿ ತಾವೇ ತೀವ್ರ ಸಂಕಟದಿಂದ ಮಾನಸಿಕ ಆಸ್ಪತ್ರೆಯಲ್ಲಿ ದಾಖಲಾಗಿದ್ದುದನ್ನು ಅವರು 2011ರಲ್ಲಿ ಬಹಿರಂಗಪಡಿಸಿದರು. ಡಿಬಿಟಿ ಕೆಲಸ ಮಾಡುವ ರೀತಿಯನ್ನು ಆ ಪಿ.ಜಿ. ಹುಡುಗಿಯ ವಿಷಯದಲ್ಲೇ ನೋಡಬಹುದು. ಚಿಕಿತ್ಸಕಿ ‘ಯಾಕೆ ಹೀಗೆ ಮಾಡಿಕೊಂಡೆ?’ ಎಂದು ಕೇಳುವುದಿಲ್ಲ. ಗಾಯ ಮಾಡಿಕೊಂಡ ಆ ದಿನವನ್ನು ಕೊಂಡಿ ಕೊಂಡಿಯಾಗಿ ಬಿಚ್ಚುತ್ತಾಳೆ: ಹಿಂದಿನ ರಾತ್ರಿ ನಿದ್ದೆಯಿರಲಿಲ್ಲ, ಮಧ್ಯಾಹ್ನ ಊಟ ಮಾಡಿರಲಿಲ್ಲ, ಆಫೀಸಿನಲ್ಲಿ ಒಂದು ಮಾತು ಚುಚ್ಚಿತ್ತು, ಏಳಕ್ಕೆ ನೀಲಿ ಟಿಕ್, ಏಳೂಕಾಲಿಗೆ ‘ಬಿಟ್ಟುಹೋದ’ ಎಂಬ ಯೋಚನೆ, ಆಮೇಲೆ ಫೋನು. ಮುಂದಿನ ಸಲ ಯಾವ ಕೊಂಡಿಯನ್ನು ಬದಲಿಸಬಹುದು ಎಂದು ಇಬ್ಬರೂ ಹುಡುಕುತ್ತಾರೆ. ಊಟವೇ? ತಣ್ಣೀರಿನಲ್ಲಿ ಮುಖ ಅದ್ದಿ ಉರಿಯನ್ನು ಇಳಿಸಿಕೊಳ್ಳುವುದೇ? ಹತ್ತು ನಿಮಿಷ ಫೋನನ್ನು ಗೆಳತಿಯ ಕೈಗೆ ಕೊಡುವುದೇ? ವಾರಕ್ಕೊಮ್ಮೆ ಹೀಗೆ, ಜೊತೆಗೆ ಗುಂಪಿನಲ್ಲಿ ಕೌಶಲಗಳ ಪಾಠ, ಸುಮಾರು ಒಂದು ವರ್ಷ.

ನಾರ್ಸಿಸಿಸ್ಟಿಕ್ ದೋಷದ ಚಿಕಿತ್ಸೆಗೆ ಇಷ್ಟು ಗಟ್ಟಿಯಾದ ಪ್ರಯೋಗಗಳ ಬೆಂಬಲವಿಲ್ಲ. ಬಂದವರು ಉಳಿಯುವುದೂ ಕಷ್ಟ, ಏಕೆಂದರೆ ರೋಗಿಯಾಗಿ ಕೂರುವುದೇ ಅವರಿಗೆ ಅವಮಾನ. ಉಳಿದವರು ನಿಧಾನವಾಗಿ ಬದಲಾಗುತ್ತಾರೆ ಎಂಬ ಅನುಭವ ಚಿಕಿತ್ಸಕರಲ್ಲಿದೆ. ‘ಇವರು ಎಂದಿಗೂ ಬದಲಾಗುವುದಿಲ್ಲ’ ಎಂಬ ರೀಲ್ಸ್ ಘೋಷಣೆಗೂ ಆಧಾರವಿಲ್ಲ. ಆದರೆ ಆ ಬದಲಾವಣೆಗೆ ಕಾಯುತ್ತಾ ಹೊಡೆತ ತಿನ್ನಬೇಕೆಂದು ಯಾವ ಸಂಗಾತಿಗೂ ಹೇಳುವಂತಿಲ್ಲ.

ನಮ್ಮಲ್ಲಿ ಇದನ್ನೆಲ್ಲ ಯಾರು ಮಾಡಬೇಕು? ನಿಮ್ಹಾನ್ಸ್ ನೇತೃತ್ವದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ದೇಶದ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಮಾನಸಿಕ ಕಾಯಿಲೆಯಿದೆಯೆಂದು ಹೇಳಿತು, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಗುತ್ತಿಲ್ಲವೆಂದೂ ಹೇಳಿತು. ಆದರೆ ಈ ಎರಡು ವ್ಯಕ್ತಿತ್ವ ದೋಷಗಳ ಲೆಕ್ಕ ಅದರಲ್ಲಿಲ್ಲ. ಲಕ್ಷ ಜನಕ್ಕೆ ಒಬ್ಬ ಮನೋವೈದ್ಯನೂ ಇಲ್ಲದ ದೇಶದಲ್ಲಿ ವರ್ಷಪೂರ್ತಿಯ ಡಿಬಿಟಿ ತಾಲ್ಲೂಕಿಗೆ ಬರುವುದು ಸದ್ಯಕ್ಕಂತೂ ಕನಸು. ಹಾಗೆಂದು ಕೈಚೆಲ್ಲಬೇಕಾಗಿಲ್ಲ ಎನ್ನಲು ಕೆನಡಾದ ಟೊರಾಂಟೊದಿಂದ 2009ರಲ್ಲಿ ಬಂದ ಒಂದು ಪ್ರಯೋಗ ಕಾರಣ ಕೊಡುತ್ತದೆ. ಬಾರ್ಡರ್‌ಲೈನ್ ದೋಷವಿದ್ದ 180 ಮಂದಿಯಲ್ಲಿ ಕೆಲವರಿಗೆ ಒಂದು ವರ್ಷ ಡಿಬಿಟಿ, ಉಳಿದವರಿಗೆ ಈ ಕಾಯಿಲೆ ಬಲ್ಲ ಮನೋವೈದ್ಯರಿಂದ ವ್ಯವಸ್ಥಿತವಾದ ಸಾಮಾನ್ಯ ಚಿಕಿತ್ಸೆ ಸಿಕ್ಕಿತು. ಎರಡೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸುಧಾರಿಸಿದವು.

1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮನೋವೈದ್ಯಕೀಯ ಸೇವೆಯನ್ನು ಹಳ್ಳಿಗೆ ತಲುಪಿಸಿ ತೋರಿಸಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದೇ. ಆ ಹಾದಿಯಲ್ಲಿ ಬಾರ್ಡರ್‌ಲೈನ್ ದೋಷಕ್ಕೂ ಜಾಗ ಮಾಡಬಹುದು. ಅದಕ್ಕೆ ಬೇಕಾದವು ದುಬಾರಿಯವಲ್ಲ: ಪ್ರತಿ ಸಲವೂ ಅದೇ ವೈದ್ಯರು ಅಥವಾ ಆಪ್ತಸಮಾಲೋಚಕರು ಸಿಗುವುದು, ಮುಂದಿನ ಭೇಟಿಯ ದಿನ ಗೊತ್ತಿರುವುದು, ಕಾಯಿಲೆಯ ಹೆಸರನ್ನು ಮುಚ್ಚಿಡದೆ ರೋಗಿಗೂ ಮನೆಯವರಿಗೂ ತಿಳಿಸಿ ಹೇಳುವುದು, ಮಾತ್ರೆಯ ಮೇಲೆ ಮಾತ್ರೆ ಸೇರಿಸದಿರುವುದು, ಸಂಕಟ ಉಕ್ಕಿದ ರಾತ್ರಿ ಯಾರಿಗೆ ಫೋನ್ ಮಾಡಬೇಕು, ಏನು ಮಾಡಬೇಕು ಎಂಬುದನ್ನು ಮೊದಲೇ ಒಂದು ಹಾಳೆಯಲ್ಲಿ ಅವರದೇ ಮಾತಿನಲ್ಲಿ ಬರೆಸಿ ಕೈಗೆ ಕೊಟ್ಟು ಕಳಿಸುವುದು.